ಅಪ್‌ಡೌನ್ ಸಾಹೇಬರೂ ಅಳಿಯನ ಕಾಲಿನ ಅಳತೆಯೂ

ಹಳ್ಳಿಯಲ್ಲಿದ್ದರೆ ಮನಸ್ಸಿಗೆ ನೆಮ್ಮದಿ ಎಂದು ಹೇಳುವವರೆಲ್ಲ ಪೇಟೆಯಲ್ಲಿ ಮನೆ ಮಾಡಿಕೊಂಡವರೇ ಆಗಿರುತ್ತಾರೆ, ಬೇಕಾದರೆ ನೀವೇ ಗಮನಿಸಿ ನೋಡಿ. ಹಳ್ಳಿಯವರ ಬಾಯಲ್ಲಿ ಆ ಮಾತನ್ನು ನಾನಂತೂ ಕೇಳಿಲ್ಲ. ನೆಮ್ಮದಿಯ ಬಗ್ಗೆ ಮಾತಾಡುತ್ತ ಕೂರುವಷ್ಟು ಪುರುಸೊತ್ತು ಅವರಿಗಿಲ್ಲ. ನಾನು ಹುಬ್ಬಳ್ಳಿಯ ಒಂದು ವಠಾರದಲ್ಲಿ ಹುಟ್ಟಿ, ಎಡಗಡೆಯವರ ರೇಡಿಯೋ, ಬಲಗಡೆಯವರ ಜಗಳ ಎರಡನ್ನೂ ಒಟ್ಟೊಟ್ಟಿಗೆ ಕೇಳುತ್ತ ದೊಡ್ಡವನಾದವನು. ಹೀಗಾಗಿ ಹಳ್ಳಿ ಎಂದರೆ ನನಗೆ ಒಂದು ಬೇವಿನ ಮರ, ಅದರ ಕೆಳಗೆ ಒಂದು ಹೊರಸು, ಹೊರಸಿನ ಮೇಲೆ ನಾನು, ನನ್ನ ಕೈಯಲ್ಲೊಂದು ಪುಸ್ತಕ, ಸುತ್ತ ಹತ್ತು ಮಾರು ಯಾರೂ ಇಲ್ಲ. ಈ ಚಿತ್ರವನ್ನು ನನ್ನ ತಲೆಯಲ್ಲಿ ಯಾರು ಬರೆದರೋ ಗೊತ್ತಿಲ್ಲ. ಬರೆದವರು ಹಳ್ಳಿ ನೋಡಿದವರಲ್ಲ ಎಂಬುದು ಮಾತ್ರ ಈಗ ಖಾತ್ರಿಯಾಗಿದೆ.

ಎಂಬತ್ತರ ದಶಕದ ನಡುವಿನ ಮಾತು. ನನಗೆ ಅಥಣಿಯ ಮೋಜಣಿ ಕಚೇರಿಗೆ ವರ್ಗವಾಯಿತು. ಮೋಜಣಿ ಎಂದರೆ ಹೊಲಗಳ ಅಳತೆ. ಹಾಗೆಂದ ಕೂಡಲೇ ನಾನು ಬಿಸಿಲಲ್ಲಿ ಸರಪಳಿ ಎಳೆದುಕೊಂಡು ಗಡಿಕಲ್ಲು ಹುಡುಕುತ್ತ ತಿರುಗಿದವನೆಂದು ತಿಳಿದು ಗೌರವ ಕೊಡಬೇಡಿ. ಅಳೆದವರು ತಂದುಕೊಟ್ಟ ನಕಾಶೆಗಳನ್ನು ಗಂಟು ಕಟ್ಟಿ ಕಪಾಟಿನಲ್ಲಿಡುವ ಗುಮಾಸ್ತ ನಾನು. ನಮ್ಮ ಮನೆಯ ಪಡಸಾಲೆ ಎಷ್ಟು ಉದ್ದ ಎಂದು ಯಾರಾದರೂ ಕೇಳಿದರೆ ಹೆಂಡತಿಯ ಮುಖ ನೋಡುವವನು. ಅಥಣಿಯಲ್ಲಿ ಬಾಡಿಗೆ ಮನೆ ಹುಡುಕಿದೆವು. ಮೊದಲು ನೋಡಿದ ಮನೆಯ ಗೋಡೆಗೆ ಹತ್ತಿ ಹಿಟ್ಟಿನ ಗಿರಣಿ ಇತ್ತು. ಎರಡನೆಯ ಮನೆಯ ಮಾಳಿಗೆಯ ಮೇಲೆ ಲಗ್ನದ ಬ್ಯಾಂಡಿನವರು ತಾಲೀಮು ಮಾಡುತ್ತಿದ್ದರು. ಆಗ ಕಚೇರಿಯ ಗೆಳೆಯರು, ಹಳ್ಳಿಯಲ್ಲಿ ಮನೆ ಹಿಡಿದು ಅಪ್‌ಡೌನ್ ಮಾಡಿ ಎಂದು ಸಲಹೆ ಕೊಟ್ಟರು. ಒಂದೂರಲ್ಲಿ ಉಂಡು ಮಲಗಿ, ಇನ್ನೊಂದೂರಲ್ಲಿ ದುಡಿದು, ದಿನಾ ಬಸ್ಸಿನಲ್ಲಿ ಹೋಗಿಬರುವುದಕ್ಕೆ ನಮ್ಮ ಕಡೆ ಅಪ್‌ಡೌನ್ ಎನ್ನುತ್ತಾರೆ. ನನಗೆ ಬೇವಿನ ಮರ ಕಂಡಿತು. ನನ್ನ ಹೆಂಡತಿ ಶಾಂತಾಗೆ ನೀರು ಬೆರೆಸದ ಎಮ್ಮೆಯ ಹಾಲು ಕಂಡಿತು. ಇಬ್ಬರೂ ಒಂದೇ ಉಸಿರಿನಲ್ಲಿ ಹ್ಞೂಂ ಅಂದೆವು. ನಮ್ಮ ಸಂಸಾರದಲ್ಲಿ ಹಾಗೆ ಆಗುವುದು ಬಹಳ ಅಪರೂಪ.

ಆ ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿಯವರು ಇದನ್ನು ಓದಿ, ನಾಳೆಯೇ ಯಾರ ಕೈಯಲ್ಲಾದರೂ ನನಗೊಂದು ಕೆಲಸ ಹೇಳಿ ಕಳಿಸುತ್ತಾರೆ. ಅಥಣಿಯಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ, ಎರಡೂ ಮಗ್ಗುಲಿಗೆ ಕಬ್ಬು, ಅಷ್ಟು ಸಾಕು. ಬಾಳಗೌಡರೆಂಬ ಹಿರಿಯರು ತಮ್ಮ ವಾಡೆ ಎಂಬ ದೊಡ್ಡ ಮನೆಗೆ ಹೊಂದಿದ ಎರಡು ಖೋಲಿಯ ಮನೆಯನ್ನು ನಮಗೆ ಕೊಟ್ಟರು. ಅಂಗಳದಲ್ಲಿ ನಿಜವಾಗಿಯೂ ಒಂದು ಬೇವಿನ ಮರ ಇತ್ತು. ಅದರ ಕೆಳಗೆ ಹೊರಸೂ ಇತ್ತು. ಹೊರಸಿನ ಮೇಲೆ ಮಾತ್ರ ಯಾವಾಗಲೂ ಯಾರಾದರೂ ಇಬ್ಬರು ಕೂತಿರುತ್ತಿದ್ದರು. ನಾನು ಪುಸ್ತಕ ಹಿಡಿದು ಹೊರಗೆ ಬಂದರೆ, ಬರ್ರಿ ಸಾಹೇಬ್ರ ಎಂದು ನನ್ನ ಹೊರಸಿನ ಮೇಲೆ ನನಗೇ ಜಾಗ ಮಾಡಿಕೊಟ್ಟು, ಏನು ಓದುತ್ತೀರಿ, ಅದರಲ್ಲಿ ಏನಿದೆ, ಅದನ್ನು ಓದಿದರೆ ಏನಾಗುತ್ತದೆ ಎಂದು ಕೇಳುತ್ತಿದ್ದರು. ಮೂರನೆಯ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಹೀಗಾಗಿ ಪುಸ್ತಕ ಒಳಗೇ ಉಳಿಯಿತು.

ಇದೆಲ್ಲ ಇರಲಿ, ತಾಳಿಕೊಳ್ಳಬಹುದಿತ್ತು. ನಿಜವಾದ ತೊಂದರೆ ಎದುರಾದದ್ದು ಬಸ್ ನಿಲ್ದಾಣದಲ್ಲಿ. ರಾತ್ರಿ ಊರಲ್ಲೇ ತಂಗಿ ಬೆಳಗ್ಗೆ ಅಥಣಿಗೆ ಹೊರಡುವ ವಸ್ತಿ ಬಸ್ಸಿಗೆ ಮೊದಲ ದಿನ ಹೋಗಿ ನಿಂತೆ. ಒಬ್ಬ ಮುದುಕಪ್ಪ ಬಂದು, ಅಥಣಿಗೆ ಹೊಂಟೀರೇನ್ರಿ ಎಂದ. ಹೌದು ಎಂದೆ. ದಿನಾ ಹೋಗ್ತೀರೇನ್ರಿ ಎಂದ. ಹೌದು ಎಂದೆ. ಹಳ್ಳಿಯವರ ಅಕ್ಕರೆ ಎಂದರೆ ಇದು ಎಂದುಕೊಳ್ಳುವಷ್ಟರಲ್ಲಿ ಅವನು ಚೀಲದಿಂದ ಒಂದು ಕೆಟ್ಟ ಟಾರ್ಚು ತೆಗೆದು ನನ್ನ ಕೈಯಲ್ಲಿಟ್ಟು, "ಹೆಂಗೂ ಹೊಂಟೀರಲ್ರಿ" ಅಂದ. ಆ "ಹೆಂಗೂ" ಎಂಬ ಮಾತಿನ ಬಲ ನನಗೆ ಅಂದು ಗೊತ್ತಿರಲಿಲ್ಲ. ದಿನಾ ತಾಲೂಕಿನ ಊರಿಗೆ ಹೋಗಿಬರುವವನು ಆ ಊರಿನ ಲೆಕ್ಕದಲ್ಲಿ ಒಬ್ಬ ಮನುಷ್ಯನಲ್ಲ, ಎಲ್ಲರಿಗೂ ಸೇರಿದ ಒಂದು ಅನುಕೂಲ. ವಾರ ಕಳೆಯುವುದರೊಳಗೆ ನನ್ನ ಚೀಲದಲ್ಲಿ ಒಬ್ಬರ ಕನ್ನಡಕ, ಇನ್ನೊಬ್ಬರ ಪಂಪಿನ ವಾಶರು, ಯಾರದೋ ಸೊಸೆಯ ಕುಪ್ಪಸದ ಅಳತೆ, ಅಜ್ಜಿಯ ನಶ್ಯದ ಡಬ್ಬಿ ಎಲ್ಲವೂ ಇದ್ದು, ನನ್ನ ಬುತ್ತಿಗೇ ಜಾಗವಿಲ್ಲದಾಯಿತು. ಒಮ್ಮೆ ವಕೀಲರಿಗೆ ಮುಟ್ಟಿಸಿ ಎಂದು ಒಬ್ಬಾತ ಜೀವಂತ ಕೋಳಿಯನ್ನೇ ಕೊಟ್ಟ. ಅಂದು ವಕೀಲರು ಬೆಳಗಾವಿಗೆ ಹೋಗಿದ್ದರು. ಸಂಜೆಯ ತನಕ ಕೋಳಿ ನನ್ನ ಮೇಜಿನ ಕೆಳಗೆ ಕೂತು, ಸರಕಾರಿ ನಕಾಶೆಗಳ ಮೇಲೆ ತನ್ನ ಗುರುತು ಬಿಟ್ಟು, ನನ್ನ ಜೊತೆಯಲ್ಲೇ ಊರಿಗೆ ವಾಪಸಾಯಿತು. ಒಲ್ಲೆ ಎನ್ನಬಾರದೇ ಎಂದು ನೀವು ಕೇಳಬಹುದು. ನೀವು ಆ "ಹೆಂಗೂ" ಕೇಳಿಲ್ಲ, ಅದಕ್ಕೆ ಹಾಗನ್ನುತ್ತೀರಿ.

ಎಲ್ಲಕ್ಕಿಂತ ಹೆಚ್ಚಾಗಿ ಬರುತ್ತಿದ್ದದ್ದು ಕಡ್ಡಿಗಳು. ಅಥಣಿಯ ಚಪ್ಪಲಿ ಎಂದರೆ ಸುತ್ತಲ ಸೀಮೆಗೆಲ್ಲ ಹೆಸರುವಾಸಿ. ಕಾಲಿಗೆ ಹಾಕಿ ನಡೆದರೆ ಕರ್ರ್ ಕರ್ರ್ ಎಂದು ಅರ್ಧ ಓಣಿಗೆ ಕೇಳಬೇಕು. ಹಾಗೆ ಕೇಳದಿದ್ದರೆ ಕಾಲಲ್ಲಿ ಚಪ್ಪಲಿ ಇದ್ದೂ ಇಲ್ಲದ ಹಾಗೆ. ಅದನ್ನು ತರಿಸುವವರು ತಮ್ಮ ಪಾದದ ಉದ್ದಕ್ಕೆ ಸರಿಯಾಗಿ ಒಂದು ಕಸಬರಿಗೆ ಕಡ್ಡಿಯನ್ನು ಮುರಿದು ನನ್ನ ಕೈಯಲ್ಲಿ ಕೊಡುತ್ತಿದ್ದರು. ಆ ಕಡ್ಡಿ ಹೋಗಿ ಚಪ್ಪಲಿ ಮಾಡುವವರ ಮುಂದೆ ಕಾಲಿನ ಬದಲು ನಿಲ್ಲಬೇಕು. ನನ್ನ ಅಂಗಿಯ ಕಿಸೆಯಲ್ಲಿ ಊರ ಹಿರಿಯರ ಪಾದಗಳೆಲ್ಲ ಒಟ್ಟಿಗೆ ಇರುತ್ತಿದ್ದವು. ಯಾರದು ಯಾವುದೆಂದು ಕಲಸಿಹೋಗದಂತೆ ಶಾಂತಾ ಒಂದೊಂದಕ್ಕೆ ಒಂದೊಂದು ಬಣ್ಣದ ದಾರ ಸುತ್ತಿಕೊಡುತ್ತಿದ್ದಳು. ಮೋಜಣಿ ಇಲಾಖೆಯಲ್ಲಿ ನಾನು ನಿಜವಾಗಿ ಅಳತೆಯ ಕೆಲಸ ಮಾಡಿದ್ದು ಅದೊಂದೇ.

ಹೀಗಿರುವಾಗ ಬಾಳಗೌಡರ ಕಿರಿಯ ಮಗಳು ಕಸ್ತೂರಿಯ ಲಗ್ನ ಗೊತ್ತಾಯಿತು. ಗಂಡು ಮುಗಳಖೋಡದವನು. ಲಗ್ನದ ದಿನ ಹೆಣ್ಣಿನ ಕಡೆಯವರು ಅಳಿಯನಿಗೆ ಹೊಸ ಬಟ್ಟೆಯ ಜೊತೆ ಅಥಣಿಯ ಚಪ್ಪಲಿ ತೊಡಿಸಬೇಕು. ಆದರೆ ಅಳತೆಯನ್ನು ಬೀಗರ ಹತ್ತಿರ ಕೇಳುವ ಹಾಗಿಲ್ಲ. ಕೇಳಿ ಮಾಡಿಸಿದರೆ ಅದರಲ್ಲಿ ಜಾಣತನವೇನು ಬಂತು? ಕೇಳದೆಯೇ ಬರೋಬ್ಬರಿ ಕೂರಬೇಕು, ಬೀಗರು ಬಾಯಿ ಮೇಲೆ ಬೆರಳಿಡಬೇಕು. ಗೌಡರ ಹಿರಿಯ ಮಗಳ ಲಗ್ನದಲ್ಲಿ ಈ ಲೆಕ್ಕ ತಪ್ಪಿತ್ತಂತೆ. ಚಪ್ಪಲಿ ದೊಡ್ಡದಾಗಿ, ಅಳಿಯ ಒಂದು ಹೆಜ್ಜೆ ಮುಂದೆ ಹೋದರೂ ಚಪ್ಪಲಿ ಹಿಂದೆಯೇ ನಿಂತಿತ್ತಂತೆ. ಆ ಬೀಗರು ಇಂದಿಗೂ ಗೌಡರನ್ನು ಕಂಡಾಗಲೆಲ್ಲ ಅದನ್ನು ತೆಗೆದು ನಗುತ್ತಾರೆ. ಊರಿಗೆ ನ್ಯಾಯ ಹೇಳುವ ಮನುಷ್ಯ ಬೀಗರ ಮುಂದೆ ತಲೆ ತಗ್ಗಿಸಿ ಚಹ ಕುಡಿಯುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಈ ಸಲ ಹಾಗಾಗಬಾರದೆಂದು, ಸಾಖರಪುಡಾದ ದಿನ, ಅಂದರೆ ಸಕ್ಕರೆ ಹಂಚಿ ಲಗ್ನ ನಿಶ್ಚಯ ಮಾಡಿದ ದಿನ, ಗೌಡರ ಮಗ ಉಪಾಯದಿಂದ ಹೊರಗೆ ಹೋಗಿ, ಗಂಡು ಬಾಗಿಲಲ್ಲಿ ಬಿಟ್ಟ ಚಪ್ಪಲಿಯ ಅಳತೆ ಹಿಡಿದು ಬಂದಿದ್ದ. ಅಳಿಯನಾಗುವವನ ಕಾಲಿಗೆ ಕಸಬರಿಗೆ ಕಡ್ಡಿ ಸಲ್ಲದೆಂದು ಬೇವಿನ ಕಡ್ಡಿಯಲ್ಲಿ ಹಿಡಿದಿದ್ದ. ಅದನ್ನು ಗೌಡರು ಎರಡೂ ಕೈಯಿಂದ ನನಗೆ ಕೊಟ್ಟು, ನೀವು ಮೋಜಣಿ ಕಚೇರಿಯವರು, ಅಳತೆಯ ಬೆಲೆ ಬಲ್ಲವರು ಎಂದರು. ನನ್ನ ಎದೆ ಉಬ್ಬಿತು. ಕಡ್ಡಿಗೆ ಕುಂಕುಮದ ಬಣ್ಣದ ದಾರ ಸುತ್ತಿಸಿ, ಗೋಡೆಯ ಮಾಡದಲ್ಲಿ ದೇವರ ಪಕ್ಕಕ್ಕಿಟ್ಟೆ.

ಸಂಕ್ರಾಂತಿಯ ಹಿಂದಿನ ದಿನ ಭೋಗಿ ಹಬ್ಬಕ್ಕೆ ಗೌಡರನ್ನು ಊಟಕ್ಕೆ ಕರೆದೆವು. ಶಾಂತಾ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ ಮಾಡಿದ್ದಳು. ಗೌಡರು ಮನಸಾರೆ ಉಂಡು, ಕಟ್ಟೆಯ ಮೇಲೆ ಕೂತು, ಕಡ್ಡಿ ಜ್ವಾಕಿ ಇಟ್ಟೀರಿಲ್ರಿ ಎಂದು ಕೇಳಿದರು. ನಾನು ಜಂಬದಿಂದ ಮಾಡದಲ್ಲಿದ್ದುದನ್ನು ತಂದು ಅವರ ಕೈಯಲ್ಲೇ ಇಟ್ಟೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತ, ಹಿರಿಯ ಬೀಗರು ನಕ್ಕದ್ದು, ತಮಗಾದ ನೋವು, ಈ ಸಲ ಒಂದು ಎಳ್ಳಿನಷ್ಟೂ ಹೆಚ್ಚುಕಡಿಮೆ ಆಗಬಾರದೆಂಬುದು ಎಲ್ಲವನ್ನೂ ಹೇಳತೊಡಗಿದರು. ಎಳ್ಳಿನ ಮಾತು ಬಂದದ್ದಕ್ಕೋ ಏನೋ, ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಎಳ್ಳಿನ ನೆನಪಾಗಿರಬೇಕು. ಮಾತಾಡುತ್ತಲೇ ಕಡ್ಡಿಯ ತುದಿಯನ್ನು ಚಟ್ಟನೆ ಮುರಿದು, ಮುರಿದ ತುಂಡನ್ನು ಹಲ್ಲಿನ ಸಂದಿಗೆ ಆಡಿಸಿ, ಎಳ್ಳನ್ನು ಹೊರಗೆ ತೆಗೆದು, ತುಂಡನ್ನು ಅಂಗಳಕ್ಕೆ ಬಿಸಾಕಿದರು. ಆಜನ್ಮ ಬೇವಿನ ಕಡ್ಡಿಯಿಂದ ಹಲ್ಲು ತಿಕ್ಕಿದ ಕೈ ಅದು, ಯಜಮಾನನನ್ನು ಕೇಳಿ ಕೆಲಸ ಮಾಡುವುದಿಲ್ಲ. ಆಮೇಲೆ ಉಳಿದ ಕಡ್ಡಿಯನ್ನು ಎರಡೂ ಕೈಯಿಂದ ನನಗೆ ಒಪ್ಪಿಸಿದರು.

"ಹಿಡೀರಿ ಸಾಹೇಬ್ರ. ನನ್ನ ಮಾನ ನಿಮ್ಮ ಕೈಯಾಗ ಐತಿ."

ಶಾಂತಾ ಬಾಗಿಲಲ್ಲಿ ಎಲೆ ಅಡಿಕೆಯ ತಟ್ಟೆ ಹಿಡಿದು ನಿಂತಿದ್ದಳು. ನಾನೂ ಅವಳೂ ಒಬ್ಬರ ಮುಖ ಒಬ್ಬರು ನೋಡಿದೆವು. ಉಂಡು ಕೂತ ಹಿರಿಯರಿಗೆ, ನಿಮ್ಮ ಅಳಿಯನ ಹೆಬ್ಬೆರಳನ್ನು ನೀವೇ ಮುರಿದು ಬಿಸಾಕಿದಿರಿ ಎಂದು ಯಾವ ಬಾಯಿಂದ ಹೇಳುವುದು? ಅವರು ಹೋದದ್ದೇ ತಡ, ಇಬ್ಬರೂ ಅಂಗಳಕ್ಕೆ ಓಡಿದೆವು. ಬೇವಿನ ಮರದ ಕೆಳಗೆ ಬೇವಿನ ಕಡ್ಡಿಯ ತುಂಡು ಹುಡುಕುವ ಸುಖವನ್ನು ನನ್ನ ವೈರಿಗೂ ಬೇಡುವುದಿಲ್ಲ. ಬಗ್ಗಿಕೊಂಡು ಒಂದೊಂದೇ ಎತ್ತಿ ನೋಡುತ್ತಿರುವಾಗ ಎದುರು ಮನೆಯ ಅಕ್ಕಾತಾಯಿ ಬಂದು ಏನು ಕಳೆಯಿತೆಂದು ಕೇಳಿದಳು. ಶಾಂತಾ ಗಾಬರಿಯಲ್ಲಿ, ಬೆಂಡೋಲೆ ಎಂದುಬಿಟ್ಟಳು. ಮುಗಿಯಿತು. ಓಣಿಯ ಹೆಂಗಸರೆಲ್ಲ ಹಬ್ಬದ ಕೆಲಸ ಬಿಟ್ಟು ಬಂದರು. ಶಾಂತಾ ಎರಡೂ ಕಿವಿಯ ಮೇಲೆ ಸೆರಗು ಎಳೆದುಕೊಂಡಳು. ಅವರು ಅಂಗಳವನ್ನು ಮೂಲೆ ಬಿಡದೆ ಗುಡಿಸಿ, ಕಸವನ್ನು ಜರಡಿ ಹಿಡಿದು, ಬೆಂಡೋಲೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಉಳಿದ ಕಡ್ಡಿ ಕಸವನ್ನೆಲ್ಲ ಒಯ್ದು ನೀರೊಲೆಗೆ ಹಾಕಿದರು. ಅಳಿಯನ ಹೆಬ್ಬೆರಳು ಹೀಗೆ ಅಕ್ಕಾತಾಯಿಯ ಮನೆಯ ಸ್ನಾನದ ನೀರು ಕಾಯಿಸಿತು.

"ಹೋಗಿ ಗೌಡ್ರಿಗೆ ಖರೇನ ಹೇಳಿಬಿಡ್ರಿ" ಎಂದಳು ಶಾಂತಾ. ನಾನು ಆಗಲ್ಲ ಎಂದೆ. ಹೇಳಿದರೆ ಅವರು ಮತ್ತೆ ಬೀಗರ ಬಾಗಿಲಿಗೆ ಹೋಗಿ ಕೇಳಬೇಕು. ಕೇಳಿದರೆ ಮಾನ ಹೋಯಿತು. ಕೇಳದಿದ್ದರೆ ಚಪ್ಪಲಿ ಗಿಡ್ಡ ಆಗಿ ಇನ್ನಷ್ಟು ಮಾನ ಹೋಯಿತು. ಗೌಡರಿಗೆ ಗೊತ್ತಾಗದ ಹಾಗೆ ನಾನೇ ಬಗೆಹರಿಸಬೇಕು ಎಂದು ವೀರಾವೇಶ ತಾಳಿದೆ. ಹುಬ್ಬಳ್ಳಿಯಲ್ಲಿ ಮಗ್ಗುಲ ಮನೆಯವರು ಸತ್ತರೂ ಪೇಪರಿನಲ್ಲಿ ಓದಿ ತಿಳಿಯುತ್ತಿದ್ದ ನಾನು ಈ ಸ್ಥಿತಿಗೆ ಬಂದಿದ್ದೆ. ಸಂಕ್ರಾಂತಿಯ ರಜೆ ಮುಗಿದ ಮರುದಿನ ಬಸ್ಸಿನಲ್ಲಿ ಕಂಡಕ್ಟರ್ ಮಕ್ತುಮಸಾಬನ ಕಿವಿಯಲ್ಲಿ ಎಲ್ಲ ಹೇಳಿ, ಯಾರಿಗೂ ಗೊತ್ತಾಗಬಾರದು ಎಂದೆ. ಮಕ್ತುಮಸಾಬ ಎದೆ ಮೇಲೆ ಕೈಯಿಟ್ಟುಕೊಂಡು, ಫಿಕರ್ ಮಾಡಬ್ಯಾಡ್ರಿ, ಗಪ್‌ಚುಪ್ ಕೆಲಸ ಆಗ್ತೈತಿ ಎಂದ. ಅಂದು ಸಂಜೆ ಅಥಣಿಯ ನಿಲ್ದಾಣದಲ್ಲಿ ನಾನು ಎಂದೂ ನೋಡದ ಒಬ್ಬ ಮನುಷ್ಯ ಹತ್ತಿರ ಬಂದು, ದನಿ ತಗ್ಗಿಸಿ, ಕಡ್ಡಿ ಮುರಿದ ಸಾಹೇಬ್ರು ನೀವ ಏನ್ರಿ ಎಂದು ಕೇಳಿದ. ಗಪ್‌ಚುಪ್ ಎಂದರೆ ಅಲ್ಲಿ ಇಷ್ಟೇ ಅರ್ಥ: ಎಲ್ಲರಿಗೂ ಹೇಳಬೇಕು, ಆದರೆ ದನಿ ತಗ್ಗಿಸಿ ಹೇಳಬೇಕು.

ಕೆಲಸವೇನೋ ಆಯಿತು. ಒಂದು ವಾರದಲ್ಲಿ ಬಸ್ಸಿನಿಂದ ಬಸ್ಸಿಗೆ ದಾಟಿ, ಮುಗಳಖೋಡದಿಂದ ನನ್ನ ಕೈಗೆ ಐದು ಕಡ್ಡಿಗಳು ಬಂದು ಮುಟ್ಟಿದವು. ಅಲ್ಲಿಯ ಸಾಲಿ ಮಾಸ್ತರರೊಬ್ಬರು ಕಾಲುವೆಯ ಹಸಿ ದಂಡೆಯಲ್ಲಿ ಮೂಡಿದ್ದ ಹುಡುಗನ ಹೆಜ್ಜೆಯನ್ನು ಅಳೆದು ಕಳಿಸಿದ್ದರು. ಹಜಾಮನು ಕ್ಷೌರ ಮಾಡುವಾಗ ಚಾಚಿದ್ದ ಕಾಲನ್ನು ಕಣ್ಣಲ್ಲೇ ಹಿಡಿದಿದ್ದ. ಹಾಲಿನ ಗಾಡಿಯವನು ಬಾಗಿಲ ಹೊರಗಿದ್ದ ಒಂದು ಚಪ್ಪಲಿ ಅಳೆದಿದ್ದ, ಅದು ಹುಡುಗನದೋ ಅವನ ಅಪ್ಪನದೋ ತನಗೆ ಗೊತ್ತಿಲ್ಲವೆಂದು ಪ್ರಾಮಾಣಿಕವಾಗಿ ಹೇಳಿ ಕಳಿಸಿದ್ದ. ಉಳಿದೆರಡು ಯಾರು ಕಳಿಸಿದರೆಂದು ಇಂದಿಗೂ ತಿಳಿಯದು. ಐದೂ ಕಡ್ಡಿಗಳಲ್ಲಿ ಒಂದರಂತೆ ಒಂದಿಲ್ಲ. ನಾನು ಅವನ್ನು ಕಚೇರಿಗೆ ಒಯ್ದು ಹಿರಿಯ ಮೋಜಣಿದಾರರಾದ ಇನಾಮದಾರರ ಮುಂದಿಟ್ಟೆ. ಅವರು ಮೇಜು ಖಾಲಿ ಮಾಡಿಸಿ, ಐದನ್ನೂ ಸಾಲಾಗಿ ಇಡಿಸಿದರು. ಕಚೇರಿಯೆಲ್ಲ ಸುತ್ತ ನೆರೆಯಿತು. ಹೊಲದ ಗಡಿ ತಕರಾರು ಬಂದಾಗ ಎರಡೂ ತುದಿಯವರ ಮಾತು ಬಿಟ್ಟು ನಡುವಿನದನ್ನು ಹಿಡಿಯಬೇಕೆಂದು ಹೇಳಿ, ಎಲ್ಲಕ್ಕಿಂತ ಉದ್ದದ್ದನ್ನೂ ಗಿಡ್ಡದ್ದನ್ನೂ ಕಿಟಕಿಯಿಂದ ಆಚೆ ಬಿಸಾಕಿ, ಉಳಿದದ್ದರಲ್ಲಿ ನಡುವಿನದನ್ನು ನನ್ನ ಕೈಗೆ ಕೊಟ್ಟರು. ಸರಕಾರವೇ ಒಪ್ಪಿಕೊಟ್ಟ ಕಾಲು ಎಂಬ ಧೈರ್ಯದಿಂದ ಅದೇ ಅಳತೆಗೆ ಚಪ್ಪಲಿ ಹೊಲಿಸಿದೆ. ಕೆಂಪು ಗೊಂಡೆ, ಕರ್ರ್ ಎನ್ನುವ ಸಪ್ಪಳ, ಎಲ್ಲ ಇತ್ತು. ತಂದು ಗೌಡರಿಗೆ ಒಪ್ಪಿಸಿದಾಗ ಅವರು ಕಣ್ಣಿಗೊತ್ತಿಕೊಂಡು, ಭಾರಿ ಆಗ್ಯಾವ್ರಿ ಎಂದರು. ನಾನು ಮಾತ್ರ ಲಗ್ನದ ತನಕ ಎದುರಿಗೆ ಬಂದವರ ಕಾಲನ್ನೇ ನೋಡುತ್ತ ತಿರುಗಿದೆ. ಚಪ್ಪಲಿ ಸರಿಯಾಗಿ ಕೂತರೆ ಬರುತ್ತೇನೆಂದು ಶಾಂತಾ ಕೊಕಟನೂರ ಯಲ್ಲಮ್ಮನಿಗೆ ಬೇಡಿಕೊಂಡಳು. ಅಮ್ಮನ ಮುಂದೆ ಎಷ್ಟೆಷ್ಟು ದೊಡ್ಡ ಕಷ್ಟದವರು ನಿಂತಿರುತ್ತಾರೋ, ನಮ್ಮದನ್ನು ಹೇಳುವಾಗ ಅವಳಿಗೇ ನಾಚಿಕೆಯಾಯಿತಂತೆ.

ಲಗ್ನದ ದಿನ ವರ ಹನುಮಪ್ಪನ ಗುಡಿಗೆ ಹೋಗಿ, ಅಲ್ಲಿ ಹೆಣ್ಣಿನ ಮನೆಯ ಬಟ್ಟೆ, ಚಪ್ಪಲಿ ತೊಟ್ಟು, ಬಾಜಾ ಭಜಂತ್ರಿಯ ಜೊತೆ ಚಪ್ಪರಕ್ಕೆ ಬಂದ. ಎರಡೂ ಕಡೆಯ ಬೀಗರ ಕಣ್ಣು ಅವನ ಮುಖದ ಮೇಲಿರಲಿಲ್ಲ, ಕಾಲ ಮೇಲಿತ್ತು. ನಾನು ಚಪ್ಪರದ ಕಂಬದ ಹಿಂದೆ ನಿಂತಿದ್ದೆ. ಕರ್ರ್, ಕರ್ರ್, ಕರ್ರ್. ಚಪ್ಪಲಿ ಎರಡೂ ಕಾಲಿಗೆ ಎಷ್ಟು ಬರೋಬ್ಬರಿ ಕೂತಿದ್ದವೆಂದರೆ, ಹಿರಿಯ ಮಗಳ ಬೀಗರೇ 'ವ್ಹಾ' ಎಂದು ಗೌಡರ ಬೆನ್ನು ತಟ್ಟಿ, ಕೇಳದೆ ಹ್ಯಾಂಗ ಹಿಡದ್ರಿ ಅಳತಿ ಎಂದರು. ಗೌಡರು ಮೀಸೆಯೊಳಗೇ ನಕ್ಕರು. ನನಗೆ ಅಳುವೇ ಬಂತು. ಇನಾಮದಾರರ ಕಾಲಿಗೆ ಬೀಳಬೇಕು, ಮಕ್ತುಮಸಾಬನಿಗೆ ಪಂಕ್ತಿಯಲ್ಲಿ ಮೊದಲ ಎಲೆ ಹಾಕಿಸಬೇಕು ಎಂದೆಲ್ಲ ಅಂದುಕೊಳ್ಳುತ್ತ ಮತ್ತೊಮ್ಮೆ ಅಳಿಯನ ಕಾಲು ನೋಡಿದೆ. ಗೊಂಡೆ ಹಸಿರು ಬಣ್ಣದ್ದಿತ್ತು.

ನನ್ನ ಮುಖ ನೋಡಿಯೇ ಗೌಡರಿಗೆ ತಿಳಿದಿರಬೇಕು. ಧಾರೆ ಮುಗಿದದ್ದೇ ತೋಳು ಹಿಡಿದು ಉಗ್ರಾಣದ ಕಡೆ ಕರೆದುಕೊಂಡು ಹೋದರು. ಕಡ್ಡಿ ಮುರಿದದ್ದು ಅವರಿಗೆ ಮರುದಿನ ಬೆಳಗ್ಗೆ ಹಲ್ಲು ತಿಕ್ಕುವಾಗಲೇ ನೆನಪಾಗಿತ್ತು. ಬಸ್ಸಿನಲ್ಲಿ ನಾನು ಆಡಿದ ಗುಟ್ಟು ಮುಗಳಖೋಡಕ್ಕೆ ಮುಟ್ಟುವ ಮೊದಲು ಅವರ ವಾಡೆಗೆ ಮುಟ್ಟಿತ್ತು. ಅಷ್ಟೇ ಅಲ್ಲ, ಐದೈದು ಮಂದಿ ತನ್ನ ಕಾಲನ್ನೇ ನೋಡುವುದನ್ನು ಕಂಡು ವಿಷಯ ತಿಳಿದುಕೊಂಡ ಅಳಿಯ, ಮಾವನ ಮಾನ ಉಳಿಯಲೆಂದು ತನ್ನ ಹಳೆಯ ಚಪ್ಪಲಿಯನ್ನೇ ಬಟ್ಟೆಯಲ್ಲಿ ಸುತ್ತಿ ಬೇರೆ ಬಸ್ಸಿನಲ್ಲಿ ಗೌಡರಿಗೆ ಕಳಿಸಿದ್ದ. ಹಸಿರು ಗೊಂಡೆಯ ಜೋಡು ಆ ಅಳತೆಯದು. ಹಾಗಾದರೆ ನನಗೆ ಒಂದು ಮಾತು ಹೇಳಬಾರದಿತ್ತೇ, ಇಷ್ಟು ದಿನ ಊಟ ನಿದ್ದೆ ಬಿಟ್ಟೆನಲ್ಲ ಎಂದು ಕೇಳಿದೆ. ದನಿಯಲ್ಲಿ ಸ್ವಲ್ಪ ಸಿಟ್ಟೂ ಇತ್ತು.

"ಹೆಂಗ ಹೇಳೂದ್ರಿ ಸಾಹೇಬ್ರ?" ಎಂದರು ಗೌಡರು. "ನೀವು ಐದು ಕಡ್ಡಿ ಹಿಡಕೊಂಡು ನನ್ನ ಮಾನ ಕಾಯಾಕತ್ತಿದ್ರಿ. ಪರ ಊರವ್ರು, ಇಷ್ಟು ಮಾಡಾಕತ್ತಾರ ಅಂತ ನಮ್ಮಾಕಿ ಕಣ್ಣಾಗ ನೀರ ತಂದಳು. ಸಾಕು ಬಿಡ್ರಿ ಅಂತ ಯಾವ ಬಾಯಿಲೆ ಹೇಳಲಿ?"

ನಾನು ತಂದ ಜೋಡು ಹಾಳಾಯಿತಲ್ಲ ಎಂದು ಏನೋ ಒಂದು ಗೊಣಗಿದೆ. ಗೌಡರು ಸುತ್ತಮುತ್ತ ನೋಡಿ, ಹೊಸ ಧೋತರದ ಅಂಚನ್ನು ಗೇಣಿನಷ್ಟು ಎತ್ತಿದರು. ಕೆಂಪು ಗೊಂಡೆಯ ಚಪ್ಪಲಿ ಅವರ ಕಾಲಲ್ಲಿದ್ದವು.

"ನೀವು ತಂದದ್ದು ಈ ಲಗ್ನದಾಗ ತಿರುಗಾಡಬೇಕಲ್ರಿ? ನೋಡ್ರಿ, ನನಗಂತ ಮಾಡಿಸಿದಂಗ ಬರೋಬ್ಬರಿ ಕುಂತಾವ."

ಬಗ್ಗಿ ನೋಡಿದೆ. ಅವರ ಎರಡೂ ಕಾಲಿನ ಹಿಮ್ಮಡಿ ಎರಡೆರಡು ಬೆರಳು ಹೊರಗೆ ಬಂದು ನೆಲ ಮುಟ್ಟಿತ್ತು. ಹೊಸ ಪಟ್ಟಿ ಕಚ್ಚಿದ ಜಾಗದಲ್ಲಿ ಹೆಬ್ಬೆರಳು ಕೆಂಪಾಗಿ ಉಬ್ಬಿತ್ತು. ಬೆಳಗಿನಿಂದ ಆ ಕಾಲಲ್ಲೇ ಅವರು ಬೀಗರನ್ನು ಎದುರುಗೊಂಡಿದ್ದರು, ಮಗಳನ್ನು ಧಾರೆ ಎರೆದು ಕೊಡುವ ಹೊತ್ತೊಂದು ಬಿಟ್ಟರೆ ಮತ್ತೆಲ್ಲೂ ಚಪ್ಪಲಿ ಬಿಟ್ಟಿರಲಿಲ್ಲ. ಆ ಮುಖದ ಮೇಲೆ ನಗೆ ಇತ್ತು. ನಾನು ಸಾವಕಾಶ ಎದ್ದು ನಿಂತು, ಕಚೇರಿಯ ಗತ್ತನ್ನೆಲ್ಲ ದನಿಗೆ ತಂದುಕೊಂಡು, "ಹೌದ್ರಿ ಗೌಡ್ರ, ಎಳ್ಳಿನಷ್ಟೂ ಫರಕಿಲ್ಲ" ಎಂದೆ. ಮೋಜಣಿ ಇಲಾಖೆಯ ನೌಕರನಾಗಿ ನಾನು ಸ್ವಂತ ಕಣ್ಣಿಂದ ನೋಡಿ ಕೊಟ್ಟ ಅಳತೆ ಅದೊಂದೇ, ಅದೂ ಹಸೀ ಸುಳ್ಳು.